ಮಕ್ಕಳ ಜೂಜು: ದುಡ್ಡು ಹೋಗುವ ದಾರಿ ನೋಡಿ

"ಗೋವಾ ಬಾಜೂಕ ಐತ್ರೀ, ಅದಕ್ಕ ಹುಡುಗ್ರು ಕೆಟ್ಟಾರ." ಬೆಳಗಾವಿಯಲ್ಲಿ ಆಪ್ತಸಮಾಲೋಚನೆಗೆ ಬರುವ ಪಾಲಕರು ಹೀಗೆ ಹೇಳುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ಗೋವಾದ ಕ್ಯಾಸಿನೊಗಳಲ್ಲಿ 21 ತುಂಬದವರಿಗೆ ಪ್ರವೇಶವೇ ಇಲ್ಲ. ನಾನು ನೋಡುವ ಹುಡುಗರು ಗಡಿ ದಾಟಿದವರೂ ಅಲ್ಲ. ಮನೆಯಲ್ಲೇ ಕೂತು, ಅವ್ವನ ಮೊಬೈಲಿನಿಂದ ಕ್ರಿಕೆಟ್ ಬೆಟ್ಟಿಂಗ್ ಆಡಿದವರು.

ಮಕ್ಕಳ ಜೂಜಿನ ಬಗ್ಗೆ ನನಗೆ ಜಾಸ್ತಿ ಕಲಿಸಿದ್ದು ನಾರ್ವೆ ಮತ್ತು ಫಿನ್‌ಲೆಂಡ್. ಅಕ್ಕಪಕ್ಕದ ದೇಶಗಳು, ಎರಡೂ ಸ್ಥಿತಿವಂತ. ಫಿನ್‌ಲೆಂಡಿನಲ್ಲಿ ಸ್ಲಾಟ್ ಯಂತ್ರಗಳು, ಅಂದರೆ ದುಡ್ಡು ಹಾಕಿ ಆಡುವ ಜೂಜಿನ ಯಂತ್ರಗಳು, ಕಿರಾಣಿ ಅಂಗಡಿಗಳಲ್ಲೇ ಇದ್ದವು. 2011ರವರೆಗೆ 15 ವರ್ಷದವರೂ ಆಡಬಹುದಿತ್ತು, ಆಮೇಲೆ ವಯಸ್ಸು 18ಕ್ಕೆ ಏರಿತು. ನಾರ್ವೆ 2006ರಲ್ಲಿ ಒಂದು ಸಣ್ಣ ಕೆಲಸ ಮಾಡಿತು. ಯಂತ್ರಕ್ಕೆ ನೋಟು ಹಾಕುವ ಕಿಂಡಿ ಮುಚ್ಚಿಸಿತು. ಇನ್ನು ನಾಣ್ಯ ಮಾತ್ರ. ಯಂತ್ರ ಅಲ್ಲೇ ಇತ್ತು, ಹುಡುಗರೂ ಅವರೇ. ಆದರೂ ಹದಿಹರೆಯದವರ ಆಟ ಕಡಿಮೆಯಾಯಿತು, ಚಟದ ತೊಂದರೆಯೂ ಇಳಿಯಿತು. ಮರುವರ್ಷ ಯಂತ್ರಗಳನ್ನೇ ಎತ್ತಿಸಿದರು.

ಸೋತಾಗ ಆ ದುಡ್ಡು ಈಗಲೇ ವಾಪಸ್ ತೆಗೀಬೇಕು ಅನ್ನುವ ಹಟ ಬಹಳ ಜೋರು. ಆಗ ಕೈಗೆ ದುಡ್ಡು ಸಿಗದಿದ್ದರೆ ನಿಧಾನಕ್ಕೆ ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಆ ನೋಟಿನ ಕಿಂಡಿ ಅಂದರೆ ಯುಪಿಐ. ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2025ರ ಆಗಸ್ಟ್‌ನಲ್ಲಿ ಬಂತು, ಒಳ್ಳೆಯದಾಯಿತು. ಆದರೆ ಬೆಟ್ಟಿಂಗ್ 'ಐಡಿ' (ಆಟಕ್ಕೆ ಒಳಹೋಗುವ ಖಾತೆ) ಕೊಡುವವರು ಕದ್ದುಮುಚ್ಚಿ ಮಾರುವವರು, ಅವರು ಮಕ್ಕಳ ವಯಸ್ಸು ಕೇಳುವುದಿಲ್ಲ.

ದೇಶ ದೇಶಗಳ ಶೇಕಡಾ ಲೆಕ್ಕ ನೋಡುವಾಗ ಸ್ವಲ್ಪ ಎಚ್ಚರ ಬೇಕು. ಪ್ರಶ್ನೆ ಬೇರೆಯಾದರೆ ಉತ್ತರವೂ ಬೇರೆ, ಅಲ್ವಾ? ಯುರೋಪಿನ 'ಎಸ್ಪಾಡ್' ಸಮೀಕ್ಷೆ ಅನೇಕ ದೇಶಗಳ 15-16ರ ಮಕ್ಕಳಿಗೆ ಒಂದೇ ಪ್ರಶ್ನೆಗಳನ್ನು ಕೇಳುತ್ತದೆ. ಅದಕ್ಕೇ ನಾನು ಅದನ್ನು ನಂಬುತ್ತೇನೆ. ಚಟ ಗುರುತಿಸಲು ಅದರಲ್ಲಿರುವುದು ಎರಡೇ ಪ್ರಶ್ನೆ. ಎಷ್ಟು ಆಡಿದೆ ಅನ್ನುವುದರ ಬಗ್ಗೆ ಮನೆಯವರಿಗೆ, ಆಪ್ತರಿಗೆ ಸುಳ್ಳು ಹೇಳಿದ್ದೀಯಾ? ಇನ್ನೂ ಜಾಸ್ತಿ ದುಡ್ಡು ಹಚ್ಚಬೇಕು ಅನ್ನಿಸಿದೆಯಾ?

ಇವನ್ನು ನೀವೂ ಕೇಳಬಹುದು. ಬೈಯದೆ ಕೇಳಿ. ಒಂದಕ್ಕೆ ಹೌದು ಅಂದರೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅಂದೇ ಯುಪಿಐ ಪಿನ್ ಬದಲಿಸಿ. ಮೊಬೈಲಿಗೆ ಜೋಡಿಸಿದ ಖಾತೆಯಲ್ಲಿ ವಾರದ ಸಂತೆಗೆ ಬೇಕಾದಷ್ಟೇ ದುಡ್ಡು ಇಡಿ.