ಹಡಗಿನ ರೇಡಾರ್ ಮತ್ತು ಸಿ-ಬ್ಯಾಂಡ್ ಡಿಶ್: ಫಿಲ್ಟರ್ ಎಲ್ಲಿ, ಯಾವಾಗ?

ಪಣಂಬೂರಿನಂಥ ಬಂದರಿನ ಹತ್ತಿರ ಒಂದು ಕೇಬಲ್ ಟಿವಿ ಹೆಡ್‌ಎಂಡ್, ಅಂದರೆ ಡಿಶ್‌ನಿಂದ ಉಪಗ್ರಹದ ಚಾನೆಲ್‌ಗಳನ್ನು ಹಿಡಿದು ಕೇಬಲ್‌ಗೆ ಹಂಚುವ ಕೇಂದ್ರ, ಇದೆ ಎಂದುಕೊಳ್ಳಿ. ಹಡಗು ಬರುವ ಹೋಗುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಅದೂ ಎರಡೂವರೆ ಸೆಕೆಂಡಿಗೊಮ್ಮೆ. ಈ ಲಯವೇ ಮೊದಲ ಸುಳಿವು. ನಿಮಿಷಕ್ಕೆ 24 ಸುತ್ತು ತಿರುಗುವ ರೇಡಾರ್ ಆಂಟೆನಾ 2.5 ಸೆಕೆಂಡಿಗೊಮ್ಮೆ ನಮ್ಮತ್ತ ಮುಖ ಮಾಡುತ್ತದೆ.

ಇಂಥ ರೇಡಾರ್ ಇರುವುದು 2.9–3.1 ಗಿಗಾಹರ್ಟ್ಸ್‌ನಲ್ಲಿ, ಡಿಶ್ ಹಿಡಿಯುವುದು ಸಿ-ಬ್ಯಾಂಡ್ ಎನ್ನುವ 3.7–4.2ರಲ್ಲಿ. ಆದರೂ ತೊಂದರೆ ಆಗಲು ಎರಡು ದಾರಿಗಳಿವೆ. ಒಂದು, ರೇಡಾರ್‌ನ ಮೂಲ ಸಂಕೇತವೇ ಎಲ್‌ಎನ್‌ಬಿಯನ್ನು (ಡಿಶ್‌ನ ಮುಂದೆ ಕೂತು ಸಂಕೇತವನ್ನು ಹಿಗ್ಗಿಸಿ, ಆವರ್ತನ ಇಳಿಸುವ ಘಟಕ) ಉಸಿರುಗಟ್ಟಿಸುವುದು, ಅಂದರೆ ಓವರ್‌ಲೋಡ್. ಎರಡು, ರೇಡಾರ್‌ನ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಕೊಳವೆ 3.7–4.2ರೊಳಗೇ ಬೇಡದ ಹೊರಸೂಸುವಿಕೆ ಚೆಲ್ಲುವುದು. ಯಾವುದೆಂದು ತಿಳಿಯದೆ ಫಿಲ್ಟರ್ ಕೊಳ್ಳಬೇಡಿ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಓವರ್‌ಲೋಡ್ ಎಷ್ಟು ಸುಲಭವಾಗಿ ಆಗುತ್ತದೆ ನೋಡಿ. 30 ಕಿಲೋವ್ಯಾಟ್ ಪೀಕ್ ಪವರ್ ಅಂದರೆ ಸುಮಾರು 75 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್, ಅಂದರೆ ಡಿಬಿಯಲ್ಲಿ ಹೇಳುವ ಬಲ). ಆಂಟೆನಾ ಗೇನ್, ಅಂದರೆ ಒಂದೇ ದಿಕ್ಕಿಗೆ ಒಟ್ಟುಗೂಡಿಸಿದ್ದರಿಂದ ಸಿಗುವ ಹೆಚ್ಚಳ, 27 ಡಿಬಿ ಸೇರಿದರೆ 102. ಐದು ಕಿಲೋಮೀಟರ್ ದೂರಕ್ಕೆ 3.05 ಗಿಗಾಹರ್ಟ್ಸ್‌ನಲ್ಲಿ ನಷ್ಟ 116 ಡಿಬಿ. ನಮ್ಮ ಡಿಶ್ ಆಕಾಶ ನೋಡುತ್ತಿರುವುದರಿಂದ ಹಡಗಿನ ದಿಕ್ಕಿನಲ್ಲಿ ಅದರ ಗೇನ್ ಸೊನ್ನೆ ಎಂದೇ ಇಟ್ಟುಕೊಳ್ಳೋಣ. ಆಗ ಎಲ್‌ಎನ್‌ಬಿ ಬಾಯಿಗೆ ಬರುವುದು −14 ಡಿಬಿಎಂ. ಸಾಮಾನ್ಯ ಎಲ್‌ಎನ್‌ಬಿ −60ರ ಆಸುಪಾಸಿನಲ್ಲೇ ತಡವರಿಸತೊಡಗುತ್ತದೆ, −50ಕ್ಕೆ ಪೂರ್ತಿ ಮುಗ್ಗರಿಸುತ್ತದೆ. ಹಾಗಾಗಿ ಕನಿಷ್ಠ 46 ಡಿಬಿ ತಗ್ಗಿಸಬೇಕು. 55–60 ಡಿಬಿ ತಡೆಯುವ ಫಿಲ್ಟರ್ ಹುಡುಕಿ. ಎಲ್‌ಎನ್‌ಬಿಗೆ ಅಲೆ ಒಯ್ಯುವ ಲೋಹದ ಕೊಳವೆ, ಅಂದರೆ ವೇವ್‌ಗೈಡೇ, ತಡೆಯುತ್ತದಲ್ಲ ಎಂದು ಕೆಲವರು ಭಾವಿಸುತ್ತಾರೆ. ಆದರೆ ಸಿ-ಬ್ಯಾಂಡಿಗೆ ಬಳಸುವ ಡಬ್ಲ್ಯುಆರ್-229 ಅಳತೆಯ ವೇವ್‌ಗೈಡ್ ತಡೆಯುವುದು 2.577 ಗಿಗಾಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ (ಇದೇ ಅದರ ಕಟ್‌ಆಫ್), ರೇಡಾರ್ ಅದರೊಳಗೆ ಆರಾಮಾಗಿ ನುಗ್ಗುತ್ತದೆ.

ಪರೀಕ್ಷೆಗೆ ಎಲ್‌ಎನ್‌ಬಿ ಔಟ್‌ಪುಟ್‌ಗೆ ಸ್ಪೆಕ್ಟ್ರಮ್ ಅನಲೈಸರ್ (ಯಾವ ಆವರ್ತನದಲ್ಲಿ ಎಷ್ಟು ಸಂಕೇತ ಇದೆಯೆಂದು ತೋರಿಸುವ ಉಪಕರಣ) ಜೋಡಿಸಿ. ನಡುವೆ ವಿದ್ಯುತ್ತನ್ನು ಅನಲೈಸರ್‌ಗೆ ಹೋಗದಂತೆ ತಡೆಯುವ ಡಿಸಿ ಬ್ಲಾಕ್ ಇರಲೇಬೇಕು, ಆ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆಂದು 13 ಅಥವಾ 18 ವೋಲ್ಟ್ ಹರಿಯುತ್ತಿರುತ್ತದೆ. ಎಲ್‌ಎನ್‌ಬಿ 3.7–4.2 ಗಿಗಾಹರ್ಟ್ಸನ್ನು ಇಳಿಸಿ ಕೊಡುವ 950–1450 ಮೆಗಾಹರ್ಟ್ಸ್ ನಡುವಿನ ಒಂದು ಖಾಲಿ ಜಾಗಕ್ಕೆ ಟ್ಯೂನ್ ಮಾಡಿ, ಜೀರೋ ಸ್ಪ್ಯಾನ್ (ಒಂದೇ ಆವರ್ತನವನ್ನು ಹೊತ್ತಿನೊಂದಿಗೆ ನೋಡುವ ಸೆಟ್ಟಿಂಗ್), ಪೀಕ್ ಡಿಟೆಕ್ಟರ್, 10 ಸೆಕೆಂಡಿನ ಸ್ವೀಪ್ ಇಡಿ. ನಾಲ್ಕು ಮೊನೆಗಳು ಎದ್ದರೆ ರೇಡಾರ್ ಖಚಿತ. ಈಗ ಎರವಲು ತಂದ ಬ್ಯಾಂಡ್‌ಪಾಸ್ ಫಿಲ್ಟರನ್ನು (3.7–4.2 ಮಾತ್ರ ಒಳಬಿಡುವುದು) ಫೀಡ್‌ಹಾರ್ನ್, ಅಂದರೆ ಡಿಶ್‌ನ ಸಂಕೇತ ಹಿಡಿಯುವ ಕಹಳೆಯಂಥ ಬಾಯಿ, ಮತ್ತು ಎಲ್‌ಎನ್‌ಬಿ ನಡುವೆ ಕೂರಿಸಿ. ಮೊನೆ ಮಾಯವಾದರೆ ಓವರ್‌ಲೋಡ್. ಹಾಗೇ ಉಳಿದರೆ ಕೊಳೆ ನಮ್ಮ ಬ್ಯಾಂಡಿನೊಳಗೇ ಬರುತ್ತಿದೆ. ಸ್ವಲ್ಪ ಮಾತ್ರ ಇಳಿದರೆ ಎರಡೂ ಇರಬಹುದು, ಇಲ್ಲವೇ ಫಿಲ್ಟರ್ ಸಾಲದು.

ಅತಿ ಸಾಮಾನ್ಯ ತಪ್ಪೆಂದರೆ ಫಿಲ್ಟರನ್ನು ಎಲ್‌ಎನ್‌ಬಿಯ ನಂತರ, ಕೋಆಕ್ಸ್ ಕೇಬಲ್‌ನಲ್ಲಿ ಹಾಕುವುದು. ಅಷ್ಟರಲ್ಲಿ ಒಳಗಿನ ಆಂಪ್ಲಿಫೈಯರ್ ಕೆಟ್ಟು ಕೂತಿರುತ್ತದೆ, ಹಾಳಾದ ಸಂಕೇತವನ್ನು ಸೋಸಿ ಫಲವಿಲ್ಲ. ಹಾರ್ನ್ ಮತ್ತು ಎಲ್‌ಎನ್‌ಬಿ ಒಂದೇ ಅಚ್ಚಿನಲ್ಲಿ ಬರುವ ಅಗ್ಗದ ಘಟಕಕ್ಕೆ ಫಿಲ್ಟರ್ ಕೂರುವುದೇ ಇಲ್ಲ. ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಅಂಚು) ಇರುವ ಎಲ್‌ಎನ್‌ಬಿ, ಅದರಿಂದ ಬೇರೆಯಾಗಿ ಬರುವ ಫೀಡ್‌ಹಾರ್ನ್ ಬೇಕು. ಫ್ಲ್ಯಾಂಜಿನ ತೋಡಿನಲ್ಲಿ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಕರಾವಳಿಯ ಮಳೆಗೆ ಒಳಗೆ ನೀರು ನಿಲ್ಲುತ್ತದೆ. ಹೆಚ್ಚಿದ ಭಾರಕ್ಕೆ ಫೀಡ್ ಜೋತುಬಿದ್ದರೆ ಡಿಶ್ ಫೋಕಸ್ ತಪ್ಪುತ್ತದೆ, ಆಸರೆ ಕೊಡಿ.

ಫಿಲ್ಟರ್ ಪುಕ್ಕಟೆಯಲ್ಲ. 0.3 ಡಿಬಿ ನಷ್ಟ ಕೇಳಲು ಅಲ್ಪ, ಆದರೆ ಅದು ಸುಮಾರು 21 ಕೆಲ್ವಿನ್ ಗದ್ದಲ ಸೇರಿಸುತ್ತದೆ (ಸಂಕೇತದೊಂದಿಗೆ ಬೆರೆಯುವ ಗದ್ದಲವನ್ನು ಇಲ್ಲಿ ತಾಪಮಾನವಾಗಿ ಅಳೆಯುತ್ತಾರೆ). ಡಿಶ್ 30, ಎಲ್‌ಎನ್‌ಬಿ 20, ಒಟ್ಟು 50 ಕೆಲ್ವಿನ್ ಇದ್ದದ್ದು 72ಕ್ಕೆ ಏರುತ್ತದೆ. ಅಂದರೆ 1.6 ಡಿಬಿ ಕಳೆದುಕೊಂಡಂತೆ. ನಷ್ಟ 0.5 ಡಿಬಿ ಆದರೆ ಪೆಟ್ಟು ಸುಮಾರು 2.4 ಡಿಬಿ. ಮೊದಲೇ ಅಂಚಿನಲ್ಲಿರುವ ಚಾನೆಲ್ ಮಳೆ ಬಂದಾಗ ಹೋಗಿಯೇಬಿಡುತ್ತದೆ, ಆದ್ದರಿಂದ ಅಳತೆ ಮಾಡಿ ಮಾರ್ಜಿನ್, ಅಂದರೆ ಚಿತ್ರ ಕೆಡುವ ಮಟ್ಟಕ್ಕಿಂತ ಮೇಲಿರುವ ಅಂತರ, ಉಳಿದಿದೆಯೇ ನೋಡಿದ ಮೇಲೇ ಕಾಯಂ ಮಾಡಿ.

ಬ್ಯಾಂಡಿನೊಳಗಿನ ಕೊಳೆಯಾದರೆ ಫಿಲ್ಟರ್ ರೇಡಾರ್‌ನ ಔಟ್‌ಪುಟ್‌ನಲ್ಲಿ ಇರಬೇಕು, ನಮ್ಮ ಕಡೆಯಲ್ಲ. ಹೋಗಿಬರುವ ಹಡಗಿಗೆ ಅದನ್ನು ಹಾಕಿಸುವುದು ನಮ್ಮ ಕೈಯಲ್ಲಿಲ್ಲ. ನಮಗೆ ಉಳಿಯುವುದು ಮರೆ: ಡಿಶ್ಶನ್ನು ತಾರಸಿಯಿಂದ ಇಳಿಸಿ, ಕಡಲಿನ ಕಡೆ ಕಟ್ಟಡ ಅಡ್ಡ ಬರುವಂತೆ, ಉಪಗ್ರಹದ ದಿಕ್ಕು ಮಾತ್ರ ತೆರೆದಿರುವಂತೆ ನೆಲದ ಮೇಲೆ ನಿಲ್ಲಿಸುವುದು.