ಹಲಗೆ ಒಪ್ಪಿದರೆ ಮಾತ್ರ ಹೊಸ ಗೋಡೆ

ಮಳೆಗಾಲದಲ್ಲಿ ಮನೆಯ ಮರದ ಬಾಗಿಲು ಬಿಗಿಯಾಗುತ್ತದೆ, ಅಲ್ವಾ? ಬೇಸಿಗೆ ಬಂದರೆ ಅದೇ ಬಾಗಿಲು ಸಲೀಸು. ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬಾಗಿಲಾದರೆ ಬಡಗಿಯನ್ನು ಕರೆಸಿ ಅಂಚು ಕೀಸಿಸಬಹುದು. ಆ ಹಲಗೆಯ ಮೇಲೆ 600 ವರ್ಷ ಹಳೆಯ ಚಿತ್ರವಿದ್ದರೆ?

ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಶಾಶ್ವತ ಸಂಗ್ರಹವನ್ನು ಹೊಸದಾಗಿ ಜೋಡಿಸಿ 2025ರ ಮೇ ತಿಂಗಳಲ್ಲಿ ಜನರ ಮುಂದಿಟ್ಟಿತು. ಸಾವಿರಕ್ಕೂ ಹೆಚ್ಚು ಚಿತ್ರಗಳು. ಯಾವ ಕಲಾವಿದನ ಪಕ್ಕ ಯಾರು ಎಂಬುದೇ ಇಂಥ ಹೊತ್ತಿನಲ್ಲಿ ಎಲ್ಲರ ಮಾತು. ನನ್ನ ಕಣ್ಣು ಮಾತ್ರ ಚಿತ್ರದ ಹಿಂದಿನ ಮರದ ಮೇಲೆ.

ಇಟಲಿಯ ಹಳೆಯ ಕಲಾವಿದರು ಹೆಚ್ಚಾಗಿ ಪಾಪ್ಲರ್ ಮರದ ಹಲಗೆ ಬಳಸುತ್ತಿದ್ದರು. ಅದರ ಮೇಲೆ ಮೊದಲು ಜಿಪ್ಸಮ್ ಮತ್ತು ಪ್ರಾಣಿಗಳ ಚರ್ಮದ ಅಂಟು ಬೆರೆಸಿದ ಬಿಳಿ ಲೇಪ, ಆಮೇಲೆ ಬಣ್ಣ. ಮರ ಎಳೆಯುದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಗಡುಸಾದ ಲೇಪಕ್ಕೆ ಅದರ ಜೊತೆ ಹಿಗ್ಗಿ ಕುಗ್ಗಲು ಬರುವುದಿಲ್ಲ. ಮೊದಲು ಕೂದಲೆಳೆಯಂಥ ಬಿರುಕು, ಕೊನೆಗೆ ಬಣ್ಣವೇ ಚಕ್ಕೆಯಾಗಿ ಏಳುತ್ತದೆ.

ಈ ಪಾಠವನ್ನು ಗ್ಯಾಲರಿ ಚೆನ್ನಾಗಿ ಕಲಿತದ್ದು ಯುದ್ಧಕಾಲದಲ್ಲಿ. ಬಾಂಬ್ ದಾಳಿಗೆ ಹೆದರಿ 1941ರಲ್ಲಿ ಚಿತ್ರಗಳನ್ನೆಲ್ಲ ವೇಲ್ಸ್‌ನ ಮ್ಯಾನೊಡ್ ಎಂಬಲ್ಲಿನ ಸ್ಲೇಟುಕಲ್ಲಿನ ಗಣಿಗೆ ಸಾಗಿಸಿದರು. ವ್ಯಾನ್ ಡೈಕ್ ಬರೆದ, ಕುದುರೆ ಏರಿದ ಒಂದನೇ ಚಾರ್ಲ್ಸ್ ದೊರೆಯ ಚಿತ್ರ ಎಷ್ಟು ದೊಡ್ಡದೆಂದರೆ, ದಾರಿಯ ರೈಲು ಸೇತುವೆಯ ಕೆಳಗೆ ಅದು ಹಾಯುವಂತಿರಲಿಲ್ಲ. ಸೇತುವೆ ಮುಟ್ಟಲಿಲ್ಲ, ರಸ್ತೆಯನ್ನೇ ಅಗೆದು ತಗ್ಗಿಸಿದರು! ಗಣಿಯೊಳಗೆ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ ಶಾಖ, ತೇವ ಎರಡನ್ನೂ ಒಂದೇ ಮಟ್ಟದಲ್ಲಿ ಇಟ್ಟರು. ಲಂಡನ್ನಿನಲ್ಲಿ ಆಗಾಗ ಚಕ್ಕೆ ಏಳುತ್ತಿದ್ದ ಚಿತ್ರಗಳು ಅಲ್ಲಿ ಸುಮ್ನೆ ಕೂತವು. ರಿಪೇರಿಯ ಕೆಲಸ ತೀರಾ ಕಡಿಮೆಯಾಯಿತು. ಯುದ್ಧ ಮುಗಿದ ಮೇಲೆ ಗ್ಯಾಲರಿಯ ಕೋಣೆಗಳಿಗೆ ಒಂದೊಂದಾಗಿ ಹವಾನಿಯಂತ್ರಣ ಬಂತು.

ಹಾಗಾಗಿ ಹೊಸ ಜಾಗ ಹುಡುಕುವಾಗ ಅಂದ ಮಾತ್ರ ನೋಡಿದರೆ ಸಾಲದು. ಹೊರಗೋಡೆ ತಣ್ಣಗಿದ್ದರೆ ಚಿತ್ರದ ಬೆನ್ನಿಗೆ ತೇವ ಸೇರುತ್ತದೆ. ಗಾಳಿ ಬರುವ ಕಿಂಡಿಯ ಎದುರಿಟ್ಟರೆ ಹಲಗೆಯ ಒಂದು ಮುಖ ಬೇಗ ಒಣಗಿ ಬಾಗುತ್ತದೆ.

ಕಾಗದ ಇನ್ನೂ ನಾಜೂಕು. ಅದರ ಶತ್ರು ಬೆಳಕು. ಬೆಳಕನ್ನು ಅಳೆಯುವ ಮಾನ ಲಕ್ಸ್. ತೈಲಚಿತ್ರಕ್ಕೆ ಸಾಮಾನ್ಯವಾಗಿ 200 ಲಕ್ಸ್‌ವರೆಗೆ ಬೆಳಕು ಕೊಡುತ್ತಾರೆ, ಕಾಗದಕ್ಕೆ 50 ಮಾತ್ರ. ಬೆಳಕಿನ ಪೆಟ್ಟು ದಿನದಿಂದ ದಿನಕ್ಕೆ ಕೂಡುತ್ತಲೇ ಹೋಗುತ್ತದೆ, ಕತ್ತಲಲ್ಲಿಟ್ಟರೂ ವಾಸಿಯಾಗುವುದಿಲ್ಲ. ಲಿಯೊನಾರ್ಡೊ ಹಲವು ಹಾಳೆ ಅಂಟಿಸಿ, ಇದ್ದಿಲು ಮತ್ತು ಸೀಮೆಸುಣ್ಣದಲ್ಲಿ ಬರೆದ ಯೇಸುವಿನ ತಾಯಿ ಮೇರಿ, ಆಕೆಯ ತಾಯಿ ಆ್ಯನ್ ಮತ್ತು ಇಬ್ಬರು ಮಕ್ಕಳ ಚಿತ್ರಕ್ಕೆ ಈ ಸಲ ತನ್ನದೇ ಒಂದು ಮಬ್ಬು ಕೋಣೆ ಸಿಕ್ಕಿದೆ. ಇಷ್ಟು ಕಡಿಮೆ ಬೆಳಕಿನಲ್ಲಿ ಒಳಗೆ ಕಾಲಿಟ್ಟ ಕೂಡಲೇ ಎಲ್ಲವೂ ಕಾಣುವುದಿಲ್ಲ. ಒಂದೆರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಆಗ ಆ್ಯನ್‌ಳ ಮುಖ, ಮೇಲೆ ತೋರುವ ಅವಳ ಬೆರಳು ಮೆಲ್ಲಗೆ ಮೂಡುತ್ತವೆ.