ಹಾಡು ಸಿಕ್ಕಿತು, ಕೊಟ್ಟವರು ಯಾರು?

ಸ್ಪಾಟಿಫೈ ಬಳಸುವವರಿಗೆ ಸೋಮವಾರ ಬಂತೆಂದರೆ 30 ಹಾಡುಗಳ ಹೊಸ ಪಟ್ಟಿ ಸಿದ್ಧವಾಗಿರುತ್ತದೆ. ಅದರಲ್ಲಿ ನಾಲ್ಕೈದಾದರೂ ನಿಜಕ್ಕೂ ಚೆನ್ನಾಗಿರುತ್ತವೆ. ಬುಧವಾರದ ಹೊತ್ತಿಗೆ ಅವು ಯಾರ ಹಾಡು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ನಾನೂ ಅಷ್ಟೇ. ಕೇಳಲು ಇಷ್ಟೊಂದು ಇದ್ದರೂ 'ಹೊಸದೇನೂ ಸಿಗ್ತಿಲ್ಲ' ಎಂಬ ಗೊಣಗಾಟ ಮಾತ್ರ ಜಾಸ್ತಿಯಾಗುತ್ತಲೇ ಇದೆ. ಎಲೆಕ್ಟ್ರಾನಿಕ್ ಸಂಗೀತ, ದೊಡ್ಡ ಕಂಪನಿಗಳ ಹಂಗಿಲ್ಲದ ಇಂಡೀ ಸಂಗೀತ ಕೇಳುವವರ ನಡುವೆ ಅದು ಇನ್ನೂ ಒಂದು ಕೈ ಮೇಲು. ಇಲ್ಲಿಗೆ ಹೇಗೆ ಬಂದೆವು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಎರಡೂ ಬಗೆಯ ಸಂಗೀತಕ್ಕೆ ಮೊದಲಿನಿಂದ ಒಂದೇ ಕಷ್ಟ. ಸಣ್ಣ ಲೇಬಲ್‌ಗಳು (ರೆಕಾರ್ಡ್ ಹೊರತರುವ ಕಂಪನಿಗಳು), ಕೆಲವೇ ಕೆಲವು ಪ್ರತಿಗಳು, ದೊಡ್ಡ ರೇಡಿಯೊಗಳಲ್ಲಿ ಜಾಗವಿಲ್ಲ. ಹಾಗಾಗಿ ಹಾಡಿನಷ್ಟೇ ಅದನ್ನು ಕೇಳಿಸುವ ಮನುಷ್ಯನೂ ಮುಖ್ಯ. ಷಿಕಾಗೋದ ವೇರ್‌ಹೌಸ್ ಕ್ಲಬ್ಬಿನಲ್ಲಿ 1977ರಿಂದ ಫ್ರಾಂಕೀ ನಕಲ್ಸ್ ರೆಕಾರ್ಡ್ ಹಾಕುತ್ತಿದ್ದರು. ಅಲ್ಲಿ ಕೇಳಿದ್ದನ್ನು ಹುಡುಕಿಕೊಂಡು ಜನ ರೆಕಾರ್ಡ್ ಅಂಗಡಿಗೆ ಬರುತ್ತಿದ್ದರು. ಅಂಗಡಿಯವರು 'ವೇರ್‌ಹೌಸ್‌ನಲ್ಲಿ ಹಾಕುವಂಥದ್ದು' ಅಂತ ಚೀಟಿ ಅಂಟಿಸಿಟ್ಟರು, ಅದೇ ಸವೆದು ಸವೆದು 'ಹೌಸ್' ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಹೆಸರಾಯಿತು ಎಂಬುದು ಪ್ರಸಿದ್ಧವಾದ ಕಥೆ. ಅಂದರೆ ಆ ಸಂಗೀತದ ಹೆಸರಿನಲ್ಲೇ ಅದು ಸಿಗುತ್ತಿದ್ದ ಜಾಗದ ವಿಳಾಸವಿದೆ.

ಇದಕ್ಕೆ ತದ್ವಿರುದ್ಧವಾದದ್ದೂ ಅದೇ ದಶಕದಲ್ಲಿ ನಡೆಯುತ್ತಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತಮ್ಮ ರೆಕಾರ್ಡುಗಳನ್ನು ನೀರಿನಲ್ಲಿ ನೆನೆಸಿ ಹೆಸರಿನ ಚೀಟಿ ಕಿತ್ತುಬಿಡುತ್ತಿದ್ದರು. ಪಕ್ಕದವರು ಎಷ್ಟೇ ಇಣುಕಿದರೂ ಹೆಸರು ಗೊತ್ತಾಗಬಾರದು ಅಲ್ವಾ? ಆ ಹಾಡು ಬೇಕೆಂದರೆ ಅವರ ಹತ್ತಿರವೇ ಬರಬೇಕು.

ಆಮೇಲಿನ ಇಪ್ಪತ್ತು ವರ್ಷ ಕ್ಯಾಸೆಟ್ಟು, ಪತ್ರಿಕೆ, ರಾತ್ರಿ ರೇಡಿಯೊಗಳದ್ದು. ಬಿಬಿಸಿ ರೇಡಿಯೊ 1ರಲ್ಲಿ ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಯಾರಿಗೂ ಗೊತ್ತಿಲ್ಲದ ತಂಡಗಳನ್ನು ಕೇಳಿಸಿದರು. ಬ್ರಿಟನ್ನಿನ ಎನ್ಎಂಇ ಪತ್ರಿಕೆ 1986ರಲ್ಲಿ ಹೊರತಂದ 'ಸಿ86' ಎಂಬ ಒಂದು ಕ್ಯಾಸೆಟ್ ಇಂಡೀ ಪಾಪ್‌ನ ಒಂದು ಬಗೆಗೇ ಹೆಸರಾಗಿಬಿಟ್ಟಿತು. ಲಂಡನ್ನಿನಲ್ಲಿ ರಿನ್ಸ್ ಎಫ್ಎಂ ಎಂಬ ರೇಡಿಯೊ 1994ರಲ್ಲಿ ಕದ್ದು ಮುಚ್ಚಿ ಪ್ರಸಾರ ಶುರು ಮಾಡಿತು. ಪರವಾನಗಿ ಸಿಕ್ಕಿದ್ದು 2010ರಲ್ಲಿ. ಕೇಳಿದ ಹಾಡು ಯಾವುದೆಂದು ಗುರುತಿಸುವ, 2002ರಲ್ಲಿ ಬಂದ ಶಜಾಮ್ ಕೂಡ ಆಗ ಆ್ಯಪ್ ಆಗಿರಲಿಲ್ಲ. ಬ್ರಿಟನ್ನಿನಲ್ಲಿ 2580ಕ್ಕೆ ಫೋನ್ ಮಾಡಿ, ಸ್ಪೀಕರ್ ಕಡೆ ಮೊಬೈಲ್ ಎತ್ತಿ ಹಿಡಿದರೆ ಹಾಡಿನ ಹೆಸರು ಎಸ್ಸೆಮ್ಮೆಸ್‌ನಲ್ಲಿ ಬರುತ್ತಿತ್ತು.

ಅಷ್ಟರಲ್ಲಿ, ಜನ ಇಂಟರ್‌ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಹಾಡಿನ ಫೈಲು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಬಂದು ಹೋಗಿಯೂ ಆಗಿತ್ತು. ಶುರುವಾದದ್ದು 1999, ಕೋರ್ಟು ಕಚೇರಿ ಮುಗಿದು ಬಾಗಿಲು ಮುಚ್ಚಿದ್ದು 2001. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ. ನನಗೆ ಹೇಳಬೇಕಾಗಿರುವುದು ಅದರ ಬೆನ್ನಿಗೇ ಬಂದ ಇನ್ನೊಂದರ ಬಗ್ಗೆ.

ನ್ಯಾಪ್‌ಸ್ಟರ್‌ನಲ್ಲಿ ಕೆಲಸ ಮಾಡಿದ್ದ ನಿರ್ ಅರ್ಬೆಲ್ ಎಂಬ ಪ್ರೋಗ್ರಾಮರ್ ಕಟ್ಟಿದ್ದು ಸೋಲ್‌ಸೀಕ್, ಅದೂ ಹಾಡು ಹಂಚಿಕೊಳ್ಳುವ ಜಾಲವೇ. ಮೊದಮೊದಲು ಅಲ್ಲಿ ಸೇರಿದವರಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚಿನವರೇ ಜಾಸ್ತಿ. ನೋಡಲು ಏನೂ ಚೆಂದವಿರಲಿಲ್ಲ, ಬೂದು ಬಣ್ಣದ ಕಿಟಕಿ, ಸಣ್ಣ ಅಕ್ಷರ. ಒಂದು ಹಾಡು ಹುಡುಕಿದರೆ ಅದನ್ನು ಇಟ್ಟುಕೊಂಡವರ ಅಡ್ಡಹೆಸರುಗಳ ಪಟ್ಟಿ ಬರುತ್ತಿತ್ತು. ಆ ಹೆಸರಿನ ಮೇಲೆ ಒತ್ತಿ 'ಫೈಲುಗಳನ್ನು ನೋಡು' ಅಂದರೆ ಆತ ಹಂಚಿಕೊಂಡ ಸಂಗ್ರಹವಿಡೀ ತೆರೆದುಕೊಳ್ಳುತ್ತಿತ್ತು. ಯಾರದೋ ಮನೆಗೆ ಹೋಗಿ ಕಪಾಟು ತೆಗೆದು ನೋಡಿದ ಹಾಗೆ.

ಮಜಾ ಇದ್ದದ್ದೇ ಅಲ್ಲಿ. ಹುಡುಕಿಕೊಂಡು ಹೋದ ಹಾಡು ಡೌನ್‌ಲೋಡ್ ಆಗಲು ಸಾಲಿನಲ್ಲಿ ಕಾಯಬೇಕು. ನಿಮ್ಮ ಮುಂದೆ ನಲವತ್ತು ಜನ. ಕಾಯುವಾಗ ಮಾಡುವುದೇನು? ಸುಮ್ನೆ ಆ ಕಪಾಟು ತಡಕುವುದು. ನನಗೆ ಸಿಕ್ಕ ಒಬ್ಬರ ಸಂಗ್ರಹದಲ್ಲಿ ಎಲ್ಲವೂ ಲೇಬಲ್ ಪ್ರಕಾರ, ವರ್ಷದ ಪ್ರಕಾರ ಅಚ್ಚುಕಟ್ಟಾಗಿತ್ತು. ಕೊನೆಯಲ್ಲಿ ಒಂದು ಫೋಲ್ಡರಿನ ಹೆಸರು ಮಾತ್ರ 'ಇನ್ನೂ ಕೇಳಿಲ್ಲ'. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಹಾಡು. ಅದನ್ನೇ ಪೂರ್ತಿ ಇಳಿಸಿಕೊಂಡೆ, ಮೂರು ರಾತ್ರಿ ಹಿಡಿಯಿತು. ಮಧ್ಯದಲ್ಲಿ ಆ ಮನುಷ್ಯ ಮಾತಿಗೆ ಬಂದರು. ಬೈತಾರೆ ಅಂದುಕೊಂಡೆ. 'ಅದರಲ್ಲಿ ಏನಾದರೂ ಚೆನ್ನಾಗಿದ್ದರೆ ನನಗೂ ಹೇಳಿ' ಅಂದರು. ಹೇಳಿದೆ ಕೂಡ.

ಕಾನೂನಿನ ಲೆಕ್ಕದಲ್ಲಿ ಇದು ಸರಿಯಲ್ಲ. ಅಲ್ಲಿ ಓಡಾಡುತ್ತಿದ್ದ ಹಾಡುಗಳಲ್ಲಿ ಬಹುಪಾಲಿಗೆ ಕಲಾವಿದರಿಗೆ ಬಿಡಿಗಾಸೂ ಹೋಗಲಿಲ್ಲ. ಆ ಕಾಲವನ್ನು ನೆನೆದು ನಿಟ್ಟುಸಿರು ಬಿಡುವ ನನ್ನಂಥವರು ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಸುತ್ತಮುತ್ತ ಬೇರೆಯವೂ ಹುಟ್ಟಿಕೊಂಡವು. 2000ದಲ್ಲಿ ಶುರುವಾದ ಡಿಸ್ಕಾಗ್ಸ್ ಮೊದಲಿಗೆ ಎಲೆಕ್ಟ್ರಾನಿಕ್ ರೆಕಾರ್ಡುಗಳ ಪಟ್ಟಿ ಮಾತ್ರ. ಕೇಳುವವರೇ ಕೂತು ಒಂದೊಂದೇ ರೆಕಾರ್ಡಿನ ವಿವರ ಟೈಪ್ ಮಾಡಿದರು. 2002ರಿಂದ ಎಂಪಿ3 ಬ್ಲಾಗುಗಳು ಬಂದವು. ದಿನಕ್ಕೊಂದು ಹಾಡು, ಎರಡು ಪ್ಯಾರಾ ಬರಹ. 2005ರಲ್ಲಿ ಬಂದ ಹೈಪ್ ಮಷೀನ್ ಅವನ್ನೆಲ್ಲ ಒಂದೇ ಕಡೆ ಕೇಳುವಂತೆ ಮಾಡಿತು. ಲಾಸ್ಟ್ ಎಫ್ಎಂ ಎಂಬ ಜಾಲತಾಣ ನೀವು ಕೇಳಿದ್ದನ್ನೆಲ್ಲ ಲೆಕ್ಕ ಇಟ್ಟು, ನಿಮ್ಮಂಥದೇ ರುಚಿ ಇರುವವರನ್ನು 'ನೆರೆಯವರು' ಅಂತ ಹೆಸರು ಸಮೇತ ತೋರಿಸುತ್ತಿತ್ತು. ಹಾಗೆ ಸಿಕ್ಕ ನೆರೆಯವರ ಪುಟಕ್ಕೆ ಹೋದರೆ ಮತ್ತೆ ಅದೇ ಕಪಾಟು.

ಆದರೆ ಈ ಜಾಗಗಳೆಲ್ಲ ಬಾಡಿಗೆ ಮನೆಗಳು. ಮನೆ ಕೈ ಬದಲಾಗುತ್ತದೆ, ಸಾಮಾನು ರಸ್ತೆಗೆ ಬೀಳುತ್ತದೆ. ಲಾಸ್ಟ್ ಎಫ್ಎಂ 2007ರಲ್ಲಿ 28 ಕೋಟಿ ಡಾಲರಿಗೆ ಮಾರಾಟವಾಯಿತು. 2012ರ ಜನವರಿಯಲ್ಲಿ, ಫೈಲುಗಳನ್ನು ಇಟ್ಟು ಹಂಚುವ ಮೆಗಾಅಪ್‌ಲೋಡ್ ತಾಣ ಮುಚ್ಚಿದಾಗ ಬ್ಲಾಗುಗಳಲ್ಲಿದ್ದ ಲೆಕ್ಕವಿಲ್ಲದಷ್ಟು ಕೊಂಡಿಗಳು ಒಂದೇ ದಿನದಲ್ಲಿ ಸತ್ತವು. ಹೊಟ್ಟೆ ಉರಿಯುವುದು ಮೈಸ್ಪೇಸ್ ವಿಷಯಕ್ಕೆ. ಒಂದು ಕಾಲದಲ್ಲಿ ಸಣ್ಣಪುಟ್ಟ ತಂಡಗಳಿಗೆಲ್ಲ ಅದೇ ಮನೆ. ಅಲ್ಲಿಗೆ 2003ರಿಂದ 2015ರವರೆಗೆ ಏರಿಸಿದ್ದ ಸಂಗೀತ ಸರ್ವರ್ ಬದಲಿಸುವಾಗ ಅಳಿಸಿಹೋಯಿತು ಅಂತ 2019ರಲ್ಲಿ ಹೊರಬಂತು. ಸುಮಾರು 5 ಕೋಟಿ ಹಾಡು ಅನ್ನುತ್ತಾರೆ. ಎಷ್ಟೋ ತಂಡಗಳ ಹತ್ತಿರ ಬೇರೆ ಪ್ರತಿಯೂ ಇದ್ದಿರಲಿಕ್ಕಿಲ್ಲ.

ಇಷ್ಟೆಲ್ಲ ಚದುರಿಹೋದ ಮೇಲೆ ಒಂದೇ ಕಡೆ ಎಲ್ಲ ಸಿಗುತ್ತದೆ ಅಂದರೆ ಯಾರು ಬೇಡ ಅನ್ನುತ್ತಾರೆ? 2008ರಲ್ಲಿ ಬಂದ ಸ್ಪಾಟಿಫೈ ಸಂಗೀತ ವಿಶ್ಲೇಷಣೆಯ ಎಕೋ ನೆಸ್ಟ್ ಕಂಪನಿಯನ್ನು 2014ರಲ್ಲಿ ಕೊಂಡುಕೊಂಡಿತು. ಮರುವರ್ಷ ಜುಲೈನಲ್ಲಿ ಸೋಮವಾರದ ಆ ಪಟ್ಟಿ ಶುರುವಾಯಿತು.

ಅದು ಕೆಲಸ ಮಾಡುವ ರೀತಿ ಗೊತ್ತಾದಾಗ ನನಗೆ ನಗು ಬಂತು. ನೀವು ಕೇಳುವ ಹಾಡುಗಳು ಬೇರೆ ಬೇರೆ ಜನ ಮಾಡಿಟ್ಟ ಯಾವ ಪ್ಲೇಲಿಸ್ಟುಗಳಲ್ಲಿವೆ ಅಂತ ಯಂತ್ರ ನೋಡುತ್ತದೆ. ಅವುಗಳ ಪಕ್ಕದಲ್ಲಿ ಕೂತಿರುವ, ನೀವು ಇನ್ನೂ ಕೇಳದ ಹಾಡುಗಳನ್ನು ಎತ್ತಿಕೊಂಡು, ನಿಮ್ಮ ರುಚಿಗೆ ತಕ್ಕ ಹಾಗೆ ಸೋಸಿ ಕೊಡುತ್ತದೆ. ಅಂದರೆ ಅದೂ ಬೇರೆಯವರ ಕಪಾಟು ತಡಕುವ ಕೆಲಸವನ್ನೇ ಮಾಡುತ್ತದೆ, ನಮಗಿಂತ ಲಕ್ಷ ಪಾಲು ಬೇಗ. ಯಾರ ಕಪಾಟು ಅಂತ ಮಾತ್ರ ಹೇಳುವುದಿಲ್ಲ. ಕೂಲ್ ಹರ್ಕ್ ಹಾಡಿನ ಹೆಸರು ಕಿತ್ತುಹಾಕುತ್ತಿದ್ದರು. ಈಗ ಹಾಡಿನ ಹೆಸರು ಕಾಣುತ್ತದೆ, ಕೊಟ್ಟವರ ಚೀಟಿ ನೀರಿನಲ್ಲಿ ಕರಗಿದೆ.

ಗೊಂದಲ ಹೆಚ್ಚಿದ್ದು ದುಡ್ಡಿನ ಲೆಕ್ಕ ಸೇರಿಕೊಂಡ ಮೇಲೆ. 2020ರಲ್ಲಿ ಸ್ಪಾಟಿಫೈ ಒಂದು ಹೊಸ ವ್ಯವಸ್ಥೆ ತಂದಿತು. ಕಲಾವಿದರು ಕಡಿಮೆ ರಾಯಲ್ಟಿಗೆ ಒಪ್ಪಿದರೆ ಶಿಫಾರಸಿನಲ್ಲಿ ಅವರ ಹಾಡಿಗೆ ಸ್ವಲ್ಪ ತೂಕ ಜಾಸ್ತಿ. 2024ರಿಂದ ಅಲ್ಲಿ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಹಣವಿಲ್ಲ. ಇವಕ್ಕೆಲ್ಲ ಕಾರಣಗಳನ್ನು ಕೊಡಲಾಗಿದೆ, ಕೆಲವು ಸರಿಯೂ ಇರಬಹುದು. ಆದರೆ ಶಿಫಾರಸಾದ ಹಾಡು ಯಾಕೆ ಬಂತು ಅಂತ ಕೇಳುವವನಿಗೆ ಈಗ ಊಹಿಸಲೂ ಆಗುವುದಿಲ್ಲ. ಇಷ್ಟವಾಗಬಹುದು ಅಂತಲೋ, ಅಗ್ಗ ಅಂತಲೋ?

ಕಪಾಟು ಪೂರ್ತಿ ಮುಚ್ಚಿಲ್ಲ. 2007ರಲ್ಲಿ ಹುಟ್ಟಿದ ಸೌಂಡ್‌ಕ್ಲೌಡ್‌ನಲ್ಲಿ ಹಾಡಿನ ಅಲೆಯ ಮೇಲೆ, ಇಂಥದೇ ಸೆಕೆಂಡಿನಲ್ಲಿ ಅಂತ ಗುರುತು ಮಾಡಿ ಜನ ಮಾತು ಬರೆಯುತ್ತಾರೆ. ಕಲಾವಿದರೇ ತಮ್ಮ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್‌ನಲ್ಲಿ ಆಲ್ಬಮ್ಮಿನ ಪಕ್ಕ ಅದನ್ನು ಕೊಂಡವರ ಪುಟ್ಟ ಚಿತ್ರಗಳಿವೆ. ಒಂದನ್ನು ಒತ್ತಿದರೆ ಅವರು ಕೊಂಡದ್ದೆಲ್ಲ ಕಾಣುತ್ತದೆ. ಇದು ಸೋಲ್‌ಸೀಕಿನ ಮಜಾನೇ, ದುಡ್ಡು ಕೊಟ್ಟು. 2020ರ ಮಾರ್ಚ್ 20ರಂದು ಅದು ತನ್ನ ಪಾಲು ಬಿಟ್ಟುಕೊಟ್ಟು ಒಂದು ಶುಕ್ರವಾರದ ಮಾರಾಟವನ್ನು ಕಲಾವಿದರಿಗೆ ಕೊಟ್ಟಿತು. ಆಮೇಲೆ ಅಂಥ ಶುಕ್ರವಾರಗಳು ರೂಢಿಯಾದವು. ಆದರೆ ಇದೂ ಬಾಡಿಗೆ ಮನೆಯೇ. 2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಕೈ ಬದಲಾಯಿತು. ಎರಡನೇ ಸಲ ಸಿಬ್ಬಂದಿಯಲ್ಲಿ ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು.

ಇಷ್ಟರ ನಡುವೆ ಒಂದು ಹಾಡಿನ ಹುಡುಕಾಟ ಮುಗಿಯಿತು. 1980ರ ದಶಕದಲ್ಲಿ ಜರ್ಮನಿಯ ಹುಡುಗನೊಬ್ಬ ರೇಡಿಯೊದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಹಾಡು ಅದು. ಹಾಡಿದವರು ಯಾರು ಅಂತ ಅವನ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. 2007ರಲ್ಲಿ ಅದರ ಒಂದು ತುಣುಕು ಇಂಟರ್‌ನೆಟ್ಟಿಗೆ ಬಂತು. ಶಜಾಮ್ ಕೈಚೆಲ್ಲಿತು, ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ. ಸಾವಿರಾರು ಜನ ಹುಡುಕಿದರು. ಕೊನೆಗೆ 2024ರ ನವೆಂಬರಿನಲ್ಲಿ ಅದು ಕೀಲ್ ನಗರದ ಫೆಕ್ಸ್ ಎಂಬ ತಂಡದ್ದು ಅಂತ ಪತ್ತೆಯಾಯಿತು. ರೇಡಿಯೊದಲ್ಲಿ ನಿರೂಪಕ ಆವತ್ತು ತಂಡದ ಹೆಸರು ಹೇಳಿಯೂ ಇದ್ದಿರಬಹುದು. ಆದರೆ ಟೇಪಿನಲ್ಲಿ ಬರೀ ಹಾಡು ಇರಲಿ ಅಂತ ಆ ಹುಡುಗ ನಿರೂಪಕನ ಮಾತನ್ನು ಬಿಟ್ಟು ರೆಕಾರ್ಡ್ ಮಾಡುತ್ತಿದ್ದ.